ಬಿಲ್ಲೆ

ಹಟ್ಟಿ ಗಣಿಯ ಲ್ಯಾಂಪ್ ರೂಮಿನ ಕಿಟಕಿಯಾಗ
ಹದಿನೆಂಟು ವರ್ಷ ಆತು ನಾ ಕುಂತು.
ಅವರು ಹಿತ್ತಾಳಿ ಬಿಲ್ಲೆ ಕೊಡತಾರ, ನಾ ದೀಪ ಕೊಡತೀನಿ.
ಬಿಲ್ಲೆ ಗೂಟಕ್ಕ ಬೀಳತೈತಿ, ಮನುಷ್ಯ ಕೇಜಿನಾಗ ಇಳೀತಾನ.
ಪಾಳಿ ಮುಗದು ಸೈರನ್ ಕೂಗಿದ ಮ್ಯಾಲೂ
ಗೂಟದಾಗ ಬಿಲ್ಲೆ ತೂಗಾಡಿದ್ರ
ನೆಲದ ಕೆಳಗ ಒಬ್ಬ ಉಳದಾನಂತ ಲೆಕ್ಕ.
ಆಗ ಫೋನು, ಓಡಾಟ, ಹುಡುಕಾಟ.
ಲೆಕ್ಕ ಅಷ್ಟ ಸರಳ.

ನಾಕನೂರಾ ಹದಿನೇಳು ನಮ್ಮಣ್ಣ ಮೌನೇಶಂದು.
ದಿನಾ ಅವನ ಬಿಲ್ಲೆ ಅವನ ಕೈಯಾಗ ತಿರುಗಿ ಇಟ್ಟವ ನಾನ.
ಗೂಟ ಖಾಲಿ. ರಿಜಿಸ್ಟರಿನಾಗ ನನ್ನ ಸಹಿ.
ಅಣ್ಣ ಮ್ಯಾಲೆ ಬಂದಾನ.

ಬಂದಿದ್ದಿಲ್ಲ.

ಮನಿಯಾಗ ನಳಾ ಬಿಟ್ಟು ಬಚ್ಚಲದಾಗ ಕುಂದರತಿದ್ದ,
ಕೊಡ ತುಂಬಿ ಹರದ್ರೂ ಏಳತಿದ್ದಿಲ್ಲ.
ರೊಟ್ಟಿ ಮುರದು ತಾಟಿನ ಅಂಚಿಗೆ ಸಾಲಾಗಿ ಇಡತಿದ್ದ,
ಉಣ್ಣತಿದ್ದಿಲ್ಲ.
"ಹೆಸರ ಮೌನೇಶ, ಇನ್ನೇನ ಮಾತಾಡತಾನ"
ಅಂತ ಅತ್ತಿಗಿಯ ತಮ್ಮ ನಕ್ಕ. ನಾವೂ ನಕ್ಕಿವಿ.
ಗಾಳಿ ಅಂದರು, ಅವ್ವ ತಾಯತ ಕಟ್ಟಿಸಿದಳು.
ಕುಡಿತ ಅಂದರು, ಅಂವ ಕುಡಿಯಾಂವ ಅಲ್ಲ.
ಕಡೀಕ ರಾಯಚೂರಿನ ದವಾಖಾನಿ,
ಸಣ್ಣ ವಯಸ್ಸಿನ ಒಬ್ಬ ಡಾಕ್ಟರಮ್ಮ,
ಎರಡು ಬಿಳಿ ಗುಳಿಗಿ, ಒಂದು ಹಳದಿ.
ನಾಕನೇ ತಿಂಗಳಿಗೆ ಅಣ್ಣ
ಹುಣಸಿ ಚಿಗುರಿನ ಬ್ಯಾಳಿ ಇನ್ನೊಂದು ಸೌಟು ಕೇಳಿದ.

ಇಲ್ಲೀತನಕ ಎಲ್ಲಾರಿಗೂ ಹೇಳತೀನಿ.
ಮುಂದಿಂದು ಯಾರ ಮುಂದೂ ಬಾಯಿಗೆ ಬಂದಿಲ್ಲ.

ತಂಗಿ ಅಂಬಮ್ಮನ್ನ ನೋಡಾಕ ಸಿಂಧನೂರಿಂದ ಬರವರಿದ್ರು.
ಗುಳಿಗಿ ಡಬ್ಬಿ ಗ್ವಾಡಿ ಮಾಡದಾಗ ಇತ್ತು.
"ಗ್ಯಾಸಿಂದು ಅಂತ ಹೇಳು" ಅಂದೆ ಮೊದಲು.
ಆಮ್ಯಾಲೆ, ಅಣ್ಣನ ಮಾರಿ ನೋಡಲಾರದ,
"ಲಗ್ನ ಆಗೂತನಕ ಬಿಟ್ಟಬಿಡು. ಆರಾಮ ಅದಿಯಲ್ಲ."
ಅಂವ ಹೂಂ ಅಂದ.
ಅಣ್ಣ ನನ್ನ ಮಾತು ಎಂದೂ ತಗದು ಹಾಕಿದವ ಅಲ್ಲ.
ಲಗ್ನ ಚಲೋ ಆತು. ಹುಗ್ಗಿ ಮಂದಿಗೆ ಸಾಕಾಗಿ ಉಳೀತು.

ಅರಿಶಿಣ ಇನ್ನೂ ಅವನ ಉಗುರಿನ ಸಂದ್ಯಾಗ ಇತ್ತು,
ರಾತ್ರಿ ಪಾಳಿ ಮುಗಿಸಿ ಬಿಲ್ಲೆ ಇಸಗೊಂಡು ಹ್ವಾದ.
ಮನಿಗೆ ಬರಲಿಲ್ಲ.
ಗೂಟ ಖಾಲಿ ಇತ್ತಲ್ಲ,
ಹಂಗಾಗಿ ಯಾವ ಫೋನೂ ಹೊಡಕೊಳ್ಳಲಿಲ್ಲ,
ಯಾರೂ ಓಡಲಿಲ್ಲ.
ಮೂರನೇ ದಿನ ಮುದಗಲ್ ಕೋಟೆಗೋಡಿ ನೆಳ್ಳಾಗ ಸಿಕ್ಕ.
ಬರಿಗಾಲು, ಅಂಗಾಲು ಬಿರದಿದ್ವು.
ಮುಷ್ಟಿ ಬಿಚ್ಚಿದ್ರ ಒಳಗ ಬಿಲ್ಲೆ,
ಅದರ ದುಂಡು ಅಂಚು ಅಂಗೈಗೆ ಅಚ್ಚೊತ್ತಿತ್ತು.
"ಎಣಿಸಿಗೊ" ಅಂದ ನನಗ.
ಅಷ್ಟ.

ಅಣ್ಣ ಅದಾನ. ಈಗ ಮ್ಯಾಲಿನ ಕೆಲಸ, ಸ್ಟೋರಿನಾಗ.
ಗುಳಿಗಿ ಡಬ್ಬಿ ಟೀವಿ ಮುಂದ, ಬಂದವರಿಗೆಲ್ಲ ಕಾಣೂವಂಗ.
ಅಂಬಮ್ಮನ ಮಾವನೂ ನೋಡಿದ,
ತಂದೂ ಒಂದು ಡಬ್ಬಿ ಐತಿ ಅಂದ, ಚಾ ಕುಡದ.
ಕೆಲವು ದಿನ ಚಲೋ.
ಕೆಲವು ದಿನ ನಳದ ಸಪ್ಪಳ ಭಾಳ ಹೊತ್ತು ನಿಲ್ಲಲಿಲ್ಲಂದ್ರ
ನಾ ಈಗಲೂ ಬಚ್ಚಲ ಬಾಗಿಲ ತಟ್ಟತೀನಿ.

ಭಾಷಣ ನನಗ ಬರೂದಿಲ್ಲ, ಬ್ಯಾನರ ಹಿಡಿಯಾಂವನೂ ಅಲ್ಲ.
ದೀಪ ಕೊಡೂವಾಗ ಒಂದು ಮಾತು ಕೇಳತೀನಿ:
"ರಾತ್ರಿ ನಿದ್ದಿ ಹತ್ತಿತ್ತನ?"
ನಗತಾರ. ಲ್ಯಾಂಪ್ ಡಾಕ್ಟರು ಅಂತ ಹೆಸರಿಟ್ಟಾರ.
ಹತ್ತಿತ್ತು ಮಾರಾಯ, ಮೊದಲ ದೀಪ ಕೊಡು, ಅಂತಾರ.
ಯಾಕಪಾ ನಿನಗ ಈ ಉಸಾಬರಿ ಅಂದ್ರ
ಬ್ಯಾಟರಿ ನೋಡಿಧಂಗ ಮಾಡಿ ತಲಿ ಬಗ್ಗಸತೀನಿ.

ನಿನ್ನಿ ಎರಡನೇ ಪಾಳಿಗೆ ಲಾಲಸಾಬ ದೀಪ ಇಸಗೊಂಡ,
ಟೊಪ್ಪಿಗಿಗೆ ಸಿಗಿಸಿದ.
ಹಿಂದ ಮಂದಿ ಸಾಲು, ಕೇಜಿನ ಗಂಟಿ ಎರಡು ಸಲ ಹೊಡೀತು.
ಅಂವ ಕಿಟಕಿ ಬಿಟ್ಟು ಸರೀಲಿಲ್ಲ.

ನಾ ಅವನ ಬಿಲ್ಲೆ ಗೂಟಕ್ಕ ಹಾಕಲಾರದ
ಕೈಯಾಗ ಹಿಡಕೊಂಡೆ.